ಬೀಜಕ್ಕೆ ಸುದ್ದಿ, ಸಸಿಗೆ ಊಟ: ಬಣ್ಣದ ಬೆಳಕಿನ ಲೆಕ್ಕ

ಉತ್ತರ ಕರ್ನಾಟಕದ ಮನೆಗಳಲ್ಲಿ ನವರಾತ್ರಿಯ ಮೊದಲ ದಿನ ಘಟ ಕೂರಿಸುತ್ತಾರೆ. ದೇವರ ಮುಂದೆ ಹೊಲದ ಮಣ್ಣು ಹರಡಿ, ಗೋಧಿಯೋ ಜೋಳವೋ ಬಿತ್ತಿ, ನಡುವೆ ನೀರು ತುಂಬಿದ ಗಡಿಗೆ ಇಟ್ಟು, ನಂದಾದೀಪ ಹಚ್ಚುತ್ತಾರೆ. ಒಂಬತ್ತು ದಿನ ಕಳೆಯುವಷ್ಟರಲ್ಲಿ ಸಸಿ ಗೇಣುದ್ದ ಎದ್ದು ನಿಂತಿರುತ್ತದೆ. ಆದರೆ ಬಣ್ಣ ಹಸಿರಲ್ಲ, ಬೆಣ್ಣೆಯಂಥ ತಿಳಿಹಳದಿ. ಕಾಂಡ ದಾರದ ಹಾಗೆ ಸಪೂರ, ಬೆರಳು ತಾಗಿದರೆ ವಾಲುತ್ತದೆ. ಅದೇ ಚೀಲದ ಅದೇ ಕಾಳು ಅಂಗಳದ ಬಿಸಿಲಲ್ಲಿ ಬಿದ್ದು ಮೊಳೆತಿದ್ದರೆ ಇದರ ಅರ್ಧ ಎತ್ತರವೂ ಇರುತ್ತಿರಲಿಲ್ಲ, ಎಲೆ ಮಾತ್ರ ಗಾಢ ಹಸಿರಾಗಿರುತ್ತಿತ್ತು.

ಈ ಹಳದಿ ಸಸಿಯಲ್ಲಿ ಎರಡು ಸಂಗತಿಗಳಿವೆ. ಮೊಳೆಯುವುದಕ್ಕೆ ಗೋಧಿ ಬೆಳಕನ್ನು ಕೇಳಲಿಲ್ಲ; ನೀರು, ಗಾಳಿ, ಹದವಾದ ಶಾಖ ಸಿಕ್ಕಿದ್ದೇ ಸಾಕಾಯಿತು. ಮೊಳೆತ ಮರುಗಳಿಗೆಯಿಂದ ಮಾತ್ರ ಅದು ಬೆಳಕನ್ನು ಹುಡುಕುತ್ತಲೇ ಇತ್ತು, ಸಿಗದೆ ಉದ್ದವಾಗುತ್ತಲೇ ಹೋಯಿತು. ಬೀಜ ಮೊಳೆಯುವುದು ಒಂದು ಪ್ರಶ್ನೆ, ಸಸಿ ಬೆಳೆಯುವುದು ಇನ್ನೊಂದು. ಬಣ್ಣದ ಎಲ್‌ಇಡಿ ದೀಪಗಳ ಕುರಿತು ಇವತ್ತು ನಡೆಯುವ ಮಾತುಕತೆಯಲ್ಲಿ ಈ ಎರಡೂ ಕಲಸಿಹೋಗಿವೆ. 'ಯಾವ ಬಣ್ಣ ಒಳ್ಳೆಯದು?' ಎಂದು ಕೃಷಿ ಮೇಳದ ಮಳಿಗೆಗಳಲ್ಲಿ ಜನ ಕೇಳುತ್ತಾರೆ, ಮಾರುವವರು ನೇರಳೆ ದೀಪ ತೋರಿಸುತ್ತಾರೆ. ಯಾವ ಬೀಜ, ಯಾವ ಹಂತ, ಎಷ್ಟು ಬೆಳಕು ಎಂದು ಕೇಳದ ಹೊರತು ಆ ಪ್ರಶ್ನೆಗೆ ಉತ್ತರವೇ ಇಲ್ಲ. ಕಳೆದ ನೂರು ವರ್ಷಗಳ ಸಂಶೋಧನೆಯನ್ನು ಸಾಲಾಗಿ ನೋಡುತ್ತ ಬಂದ ನನಗೆ ಅನಿಸುವುದು ಇಷ್ಟು: ಬೀಜಕ್ಕೆ ಬೆಳಕು ಸುದ್ದಿ, ಸಸಿಗೆ ಅದು ಸುದ್ದಿಯೂ ಹೌದು, ಊಟವೂ ಹೌದು.

ಬೀಜದ ಕಥೆ ಮೊದಲು. ಕೆಲವು ಬೀಜಗಳು ಬೆಳಕಿದ್ದರೆ ಮಾತ್ರ ಮೊಳೆಯುತ್ತವೆ, ಕೆಲವು ಕತ್ತಲಲ್ಲಿ ಮಾತ್ರ ಎಂಬುದು ಹತ್ತೊಂಬತ್ತನೇ ಶತಮಾನದಲ್ಲೇ ಗೊತ್ತಿತ್ತು. ಜರ್ಮನಿಯ ಕಿನ್ಜೆಲ್ ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಒಂಬೈನೂರಕ್ಕೂ ಹೆಚ್ಚು ಬಗೆಯ ಬೀಜಗಳನ್ನು ಪರೀಕ್ಷಿಸಿದ. ಹೆಚ್ಚಿನವು ಬೆಳಕಿಗೆ ಒಲಿದವು, ಒಂದಷ್ಟು ಬೆಳಕನ್ನು ಒಲ್ಲೆ ಎಂದವು, ಬೆಳಕಿದ್ದರೂ ಇಲ್ಲದಿದ್ದರೂ ಒಂದೇ ಎಂಬಂಥವು ಬಹಳ ಕಡಿಮೆ. ಅವನು ಆರಿಸಿಕೊಂಡದ್ದು ಬಹುಪಾಲು ಕಾಡುಗಿಡಗಳನ್ನು. ನಾವು ಸಾವಿರಾರು ವರ್ಷ ಸಾಕಿದ ಗೋಧಿ, ರಾಗಿ, ತೊಗರಿಗಳಲ್ಲಿ ಈ ಹಟ ಮಾಯವಾಗಿದೆ. ಬಿತ್ತಿದಾಗ ಮೊಳೆಯದೆ ಕೂತ ಕಾಳು ಸುಗ್ಗಿಯ ರಾಶಿಗೆ ಬರುವುದಿಲ್ಲ, ಮುಂದಿನ ವರ್ಷದ ಬಿತ್ತನೆಗೆ ಉಳಿಯುವುದೂ ಇಲ್ಲ. ಹೀಗೆ ಬೆಳಕು ಕೇಳುವ ಗುಣವನ್ನು ರೈತರು ತಮಗರಿವಿಲ್ಲದೆಯೇ ಆರಿಸಿ ಹೊರಹಾಕಿದರು.

ಯಾವ ಬಣ್ಣ ಎಂಬ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ಸಿಕ್ಕಿದ್ದು 1930ರ ದಶಕದಲ್ಲಿ. ಅಮೆರಿಕದ ಫ್ಲಿಂಟ್ ಮತ್ತು ಮೆಕ್‌ಅಲಿಸ್ಟರ್ ಲೆಟ್ಯೂಸ್ ಸೊಪ್ಪಿನ ಬೀಜದ ಮೇಲೆ ಬಣ್ಣಬಣ್ಣದ ಬೆಳಕು ಬಿಟ್ಟು ನೋಡಿದರು. ಕೆಂಪು ಬೆಳಕು ಮೊಳಕೆಯನ್ನು ಎಬ್ಬಿಸುತ್ತಿತ್ತು. ಕೆಂಪಿನಾಚೆ, ಕಣ್ಣಿಗೆ ಕಾಣುವುದು ಮುಗಿಯುವ ಅಂಚಿನಲ್ಲಿರುವ ದೂರಕೆಂಪು ಬೆಳಕು ಅದನ್ನು ತಡೆಯುತ್ತಿತ್ತು. ಪಕ್ಕಪಕ್ಕದ ಎರಡು ಕೆಂಪುಗಳು ಒಂದಕ್ಕೊಂದು ವಿರುದ್ಧ ಕೆಲಸ ಮಾಡುವುದು ಏಕೆ ಎಂಬುದು ಆಗ ತಿಳಿಯಲಿಲ್ಲ.

ತಿಳಿದದ್ದು 1952ರಲ್ಲಿ. ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್‌ನಲ್ಲಿ ಅಮೆರಿಕದ ಕೃಷಿ ಇಲಾಖೆಯ ಸಂಶೋಧನಾ ಕೇಂದ್ರವಿದೆ. ಅಲ್ಲಿನ ಸಸ್ಯಶಾಸ್ತ್ರಜ್ಞ ಹ್ಯಾರಿ ಬಾರ್ತ್‌ವಿಕ್, ರಸಾಯನಶಾಸ್ತ್ರಜ್ಞ ಸ್ಟರ್ಲಿಂಗ್ ಹೆಂಡ್ರಿಕ್ಸ್ ಮತ್ತು ಅವರ ಜೊತೆಯವರು 'ಗ್ರ್ಯಾಂಡ್ ರ್‍ಯಾಪಿಡ್ಸ್' ಎಂಬ ಲೆಟ್ಯೂಸ್ ತಳಿಯನ್ನು ತೆಗೆದುಕೊಂಡರು. ನೆನೆದ ಬೀಜಕ್ಕೆ ಒಂದು ನಿಮಿಷ ಕೆಂಪು ಬೆಳಕು ಕೊಟ್ಟು ಕತ್ತಲಲ್ಲಿಟ್ಟರೆ ನೂರಕ್ಕೆ ಎಪ್ಪತ್ತರಷ್ಟು ಮೊಳೆತವು. ಕೆಂಪಿನ ಬೆನ್ನಿಗೇ ದೂರಕೆಂಪು ಕೊಟ್ಟರೆ ಏಳಕ್ಕಿಂತ ಹೆಚ್ಚು ಮೊಳೆಯಲಿಲ್ಲ. ಮತ್ತೆ ಕೆಂಪು ಕೊಟ್ಟರೆ ಮತ್ತೆ ಎಪ್ಪತ್ತು ದಾಟಿತು. ಹೀಗೆ ಬದಲಿಸುತ್ತ ಹೋದರೂ ಕೊನೆಯಲ್ಲಿ ಬಿದ್ದ ಬೆಳಕು ಯಾವುದೋ ಅದರ ಮಾತೇ ನಡೆಯುತ್ತಿತ್ತು. ಸಸ್ಯವಿಜ್ಞಾನದಲ್ಲಿ ಇಷ್ಟು ಸರಳವೂ ಇಷ್ಟು ಸುಂದರವೂ ಆದ ಪ್ರಯೋಗ ಇನ್ನೊಂದನ್ನು ನಾನು ಕಂಡಿಲ್ಲ. ಬೇಕಾದದ್ದು ಬೀಜ, ಒದ್ದೆ ಕಾಗದ, ಎರಡು ದೀಪ, ಒಂದು ಕತ್ತಲ ಪೆಟ್ಟಿಗೆ, ಅಷ್ಟೇ.

ಬೀಜದೊಳಗೆ ಎರಡು ರೂಪ ತಾಳಬಲ್ಲ ಒಂದೇ ವರ್ಣದ್ರವ್ಯ ಇರಬೇಕು ಎಂದು ಅವರು ಆ ಅಂಕಿಗಳಿಂದಲೇ ಊಹಿಸಿದರು. 1959ರಲ್ಲಿ ಕತ್ತಲಲ್ಲಿ ಬೆಳೆದ ಮೆಕ್ಕೆಜೋಳದ ಸಸಿಯಲ್ಲಿ ಅದನ್ನು ಉಪಕರಣದಿಂದ ಅಳೆದೂ ತೋರಿಸಿದರು. ಅದಕ್ಕೆ ಫೈಟೋಕ್ರೋಮ್ ಎಂದು ಹೆಸರಾಯಿತು. ಅದರ ಒಂದು ರೂಪ 660 ನ್ಯಾನೋಮೀಟರ್ ಆಸುಪಾಸಿನ ಕೆಂಪನ್ನು ಹೀರಿ ಚುರುಕಾಗುತ್ತದೆ, ಚುರುಕಾದ ರೂಪ 730ರ ದೂರಕೆಂಪನ್ನು ಹೀರಿ ಮತ್ತೆ ಮಲಗುತ್ತದೆ. ಚುರುಕಾದದ್ದು ಜೀವಕೋಶದ ಕೇಂದ್ರಕ್ಕೆ ಹೋಗಿ, ಮೊಳಕೆಯನ್ನು ಅದುಮಿ ಹಿಡಿದಿರುವ ಪ್ರೋಟೀನ್‌ಗಳನ್ನು ಒಡೆಸುತ್ತದೆ. ಆಗ ಗಿಬ್ಬರೆಲಿನ್ ಎಂಬ ಹಾರ್ಮೋನು ಏರುತ್ತದೆ, ಬೀಜವನ್ನು ಮಲಗಿಸಿಟ್ಟಿದ್ದ ಅಬ್ಸಿಸಿಕ್ ಆಮ್ಲ ಇಳಿಯುತ್ತದೆ, ಭ್ರೂಣವನ್ನು ಸುತ್ತಿದ ಪದರ ಸಡಿಲವಾಗಿ ಬೇರು ಹೊರಗೆ ಇಣುಕುತ್ತದೆ.

ಬೀಜಕ್ಕೆ ಈ ಕೆಂಪು–ದೂರಕೆಂಪಿನ ಭೇದ ಏಕೆ ಬೇಕು? ಬೇಸಿಗೆಯ ಬಯಲಿನಲ್ಲೂ ದಟ್ಟ ಮರದಡಿಯಲ್ಲೂ ಕೈ ಚಾಚಿ ನೋಡಿದರೆ ಕಾರಣ ಸಿಗುತ್ತದೆ. ಬಯಲಿನ ಬಿಸಿಲಿನಲ್ಲಿ ಕೆಂಪು ಮತ್ತು ದೂರಕೆಂಪು ಹೆಚ್ಚೂಕಡಿಮೆ ಸಮ; ಕೆಂಪು ಒಂದು ತೂಕ ಹೆಚ್ಚು. ಎಲೆಯ ಪತ್ರಹರಿತ್ತು ಕೆಂಪನ್ನು ನುಂಗಿ ದೂರಕೆಂಪನ್ನು ಹಾಗೇ ಕೆಳಗೆ ಬಿಡುತ್ತದೆ. ದಟ್ಟ ಎಲೆಮರೆಯಲ್ಲಿ ಕೆಂಪಿನ ಪಾಲು ದೂರಕೆಂಪಿನ ಹತ್ತರಲ್ಲೊಂದರಷ್ಟಕ್ಕೂ ಇಳಿಯಬಹುದು. ಮೂರು ದಿನದ ಬುತ್ತಿ ಮಾತ್ರ ಕಟ್ಟಿಕೊಂಡ ಸಾಸಿವೆಗಿಂತಲೂ ಸಣ್ಣ ಬೀಜ ಅಂಥ ನೆರಳಲ್ಲಿ ಮೊಳೆತರೆ ಹಸಿವಿನಿಂದ ಸಾಯುತ್ತದೆ. ಆದ್ದರಿಂದ ಅದು ಕಾಯುತ್ತದೆ. ಮೆಕ್ಸಿಕೋದ ಮಳೆಕಾಡುಗಳಲ್ಲಿ ವಾಸ್ಕೆಸ್-ಯಾನೆಸ್ ಇದನ್ನೇ ತೋರಿಸಿದರು: ದೊಡ್ಡ ಮರವೊಂದು ಬಿದ್ದು ಆಕಾಶ ತೆರೆದುಕೊಂಡಾಗ ಮಾತ್ರ ನೆಲದಲ್ಲಿದ್ದ ಸೆಕ್ರೋಪಿಯಾ ಮರದ ಬೀಜಗಳು ಏಳುತ್ತವೆ. ಬಣ್ಣ ಇಲ್ಲಿ ಆಹಾರವಲ್ಲ. ಮೇಲೆ ಯಾರಿದ್ದಾರೆ ಎಂಬ ಸುದ್ದಿ.

ಸುದ್ದಿ ಎಂದಮೇಲೆ ಅದಕ್ಕೆ ಸ್ವಲ್ಪವೇ ಸಾಕು. ಲೆಟ್ಯೂಸಿನಂಥ ಬೀಜವನ್ನು ಎಬ್ಬಿಸಲು ಚದರ ಮೀಟರಿಗೆ ಒಂದರಿಂದ ಸಾವಿರ ಮೈಕ್ರೋಮೋಲ್ ಫೋಟಾನ್ ಬಿದ್ದರೆ ಆಯಿತು (ಫೋಟಾನ್ ಎಂದರೆ ಬೆಳಕಿನ ಕಣ, ಮೋಲ್ ಅದರ ಎಣಿಕೆಯ ಮಾನ). ನಡುಹಗಲ ಬಿಸಿಲು ಪ್ರತಿ ಸೆಕೆಂಡಿಗೆ ಸುಮಾರು 2000 ಮೈಕ್ರೋಮೋಲ್ ಸುರಿಯುತ್ತದೆ. ಬಹುಕಾಲ ಮಣ್ಣಲ್ಲಿ ಹೂತಿದ್ದ ಬೀಜವಂತೂ ಇದಕ್ಕಿಂತ ಸಾವಿರಾರು ಪಟ್ಟು ಕಡಿಮೆ ಬೆಳಕಿಗೂ ಎಚ್ಚರಗೊಳ್ಳುವಷ್ಟು ಸೂಕ್ಷ್ಮವಾಗಿರುತ್ತದೆ. ನೇಗಿಲು ಮಗುಚಿದ ಹೆಂಟೆಯೊಳಗಿಂದ ಕಳೆಬೀಜವೊಂದು ಕಣ್ಣುಮುಚ್ಚಿ ತೆರೆಯುವಷ್ಟು ಹೊತ್ತು ಹೊರಗೆ ಬಂದು ಮತ್ತೆ ಮಣ್ಣೊಳಗೆ ಹೋದರೂ ಸುದ್ದಿ ಮುಟ್ಟಿರುತ್ತದೆ. ಹಾಗಾದರೆ ರಾತ್ರಿ ಉತ್ತರೆ ಕಳೆ ಕಡಿಮೆಯಾಗಬೇಕಲ್ಲ? ಜರ್ಮನಿಯ ಹಾರ್ಟ್‌ಮನ್ 1990ರಲ್ಲಿ ಇದನ್ನು ಹೊಲದಲ್ಲೇ ಮಾಡಿ ನೋಡಿ ದೊಡ್ಡ ಆಸೆ ಹುಟ್ಟಿಸಿದರು. ಆಮೇಲೆ ಬೇರೆ ಕಡೆ ನಡೆದ ಪ್ರಯೋಗಗಳಲ್ಲಿ ಫಲ ಒಮ್ಮೆ ಬಂತು, ಒಮ್ಮೆ ಬರಲಿಲ್ಲ. ಬೆಳಕು ಕೇಳದ ಕಳೆಗಳೂ ಇವೆ, ಉತ್ತ ಮೇಲೆ ನೆಲದ ಮೇಲೇ ಉಳಿದ ಬೀಜಕ್ಕೆ ಮರುದಿನ ಸೂರ್ಯ ಸಿಗುತ್ತಾನೆ.

ಬೀಜಕ್ಕೆ ಬೆಳಕು ತಾಗದಂತೆ ರಾತ್ರಿ ಅಗೆಯುವ ಇನ್ನೊಂದು ಪ್ರಯೋಗವೂ ಇದೆ. ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ 1879ರಲ್ಲಿ ಇಪ್ಪತ್ತು ಬಾಟಲಿಗಳಲ್ಲಿ ಬೀಜ ತುಂಬಿ ಹೂಳಿದ್ದ. ದಶಕಗಳ ಅಂತರದಲ್ಲಿ ಒಂದೊಂದನ್ನೇ ತೆಗೆದು ಬಿತ್ತುತ್ತಾರೆ. ಅಗೆಯುವುದು ರಾತ್ರಿ ಹೊತ್ತಿನಲ್ಲಿ. ಉಳಿದ ಬಾಟಲಿಗಳ ಬೀಜಕ್ಕೆ ಬೆಳಕಿನ ಸುದ್ದಿ ಮುಟ್ಟಬಾರದು ಎಂಬ ಎಚ್ಚರ ಅದು. ನೂರೈವತ್ತು ವರ್ಷಕ್ಕೆ ಸಮೀಪಿಸುತ್ತಿರುವ ಪ್ರಯೋಗವೊಂದರಲ್ಲಿ ಇಂಥ ಜತನ ಕಂಡಾಗ ಮನಸ್ಸು ತುಂಬುತ್ತದೆ.

ಇಲ್ಲಿಯವರೆಗಿನದನ್ನು ಓದಿ 'ಕೆಂಪು ಬೆಳಕು ಬೀಜಕ್ಕೆ ಒಳ್ಳೆಯದು' ಎಂದು ಬರೆದಿಟ್ಟುಕೊಂಡರೆ ತಪ್ಪಾದೀತು. ಗ್ರ್ಯಾಂಡ್ ರ್‍ಯಾಪಿಡ್ಸ್ ಬೀಜ ಕೂಡ ತಂಪಿನಲ್ಲಿ ಕತ್ತಲಲ್ಲೇ ಮೊಳೆಯುತ್ತದೆ. ಶಾಖ ಏರಿದಂತೆ ಬೆಳಕಿನ ಹಟ ಹೆಚ್ಚುತ್ತದೆ, ಇನ್ನೂ ಏರಿದರೆ ಬೆಳಕಿದ್ದರೂ ಏಳುವುದಿಲ್ಲ. ಬೀಜ ಒಣಗಿದ್ದರೆ ಫೈಟೋಕ್ರೋಮ್ ರೂಪ ಬದಲಿಸುವುದೂ ಕಷ್ಟ, ನೆನೆದಿರಬೇಕು. ತಾಯಿಗಿಡದ ಮೇಲೆ ಹಸಿರು ಸಿಪ್ಪೆಯೊಳಗೆ ಬಲಿತ ಬೀಜವೂ ಬೇಗ ಬಣ್ಣ ಕಳೆದುಕೊಂಡ ಸಿಪ್ಪೆಯೊಳಗೆ ಬಲಿತ ಬೀಜವೂ ಬೆಳಕಿನ ವಿಷಯದಲ್ಲಿ ಒಂದೇ ಸಮ ಇರುವುದಿಲ್ಲ ಎಂದು ಇಂಗ್ಲೆಂಡಿನ ಕ್ರೆಸ್‌ವೆಲ್ ಮತ್ತು ಗ್ರೈಮ್ 1981ರಲ್ಲೇ ತೋರಿಸಿದ್ದಾರೆ. ನಮ್ಮ ದಂಟಿನ ಬಳಗದ ಅಮರಾಂತಸ್ ಕಾಡೇಟಸ್ ಬೆಳಕಿನಲ್ಲಿ ಹಿಂಜರಿಯುತ್ತದೆ. ಬಾರ್ಲಿಯ ಹೊಸ ಕಾಳನ್ನು ನೀಲಿ ಬೆಳಕು ಮಲಗಿಸಿಡುತ್ತದೆ. ಅಲ್ಲಿ ಕೆಲಸ ಮಾಡುವುದು ಫೈಟೋಕ್ರೋಮ್ ಅಲ್ಲ, ಕ್ರಿಪ್ಟೋಕ್ರೋಮ್ ಎಂಬ ನೀಲಿ ಗ್ರಾಹಕ ಎಂದು ಆಸ್ಟ್ರೇಲಿಯಾದ ಸಂಶೋಧಕರು 2014ರಲ್ಲಿ ಪ್ರಕಟಿಸಿದರು.

ಬೆಳಕು ಕೇಳುವ ಬೀಜಕ್ಕೆ ನಮ್ಮಲ್ಲಿ ಸಿಗುವ ಒಳ್ಳೆಯ ಉದಾಹರಣೆ ಹುಣಸೂರು, ಪಿರಿಯಾಪಟ್ಟಣ ಕಡೆಯ ತಂಬಾಕು. ಒಂದು ಗ್ರಾಮಿಗೆ ಹತ್ತು ಸಾವಿರಕ್ಕೂ ಹೆಚ್ಚು ಬೀಜ. ಅದನ್ನು ಮಣ್ಣಲ್ಲಿ ಹೂಳುವಂತಿಲ್ಲ. ಸಸಿಮಡಿಯ ಮೇಲೇ ತೆಳುವಾಗಿ ಚಿಮುಕಿಸಬೇಕು. ಆಳಕ್ಕೆ ಇಳಿದ ಬೀಜಕ್ಕೆ ಮೇಲೇಳುವಷ್ಟು ಬುತ್ತಿಯೂ ಇಲ್ಲ, ಬೆಳಕಿನ ಸುದ್ದಿಯೂ ತಲುಪುವುದಿಲ್ಲ. ಮಣ್ಣೊಳಗೆ ಬೆಳಕು ಹೋಗುವುದು ಕೆಲವೇ ಮಿಲಿಮೀಟರ್.

ಈಗ ಎಲ್‌ಇಡಿ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಹೊಲೊನ್ಯಾಕ್ ಮಾಡಿದ್ದು 1962ರಲ್ಲಿ. ಪ್ರಖರ ನೀಲಿ ಬರಲು ಇನ್ನೂ ಮೂವತ್ತು ವರ್ಷ ಬೇಕಾಯಿತು. ಅದಕ್ಕಾಗಿ ಅಕಾಸಾಕಿ, ಅಮಾನೊ, ನಾಕಮುರ ಅವರಿಗೆ 2014ರ ನೊಬೆಲ್ ಸಂದಿತು. ಗಿಡ ಬೆಳೆಸಲು ಎಲ್‌ಇಡಿ ಬಳಸುವ ಯೋಚನೆ ಬೇರೂರಿದ್ದು ಬಾಹ್ಯಾಕಾಶದ ಅಗತ್ಯದಿಂದ. ಕಡಿಮೆ ತೂಕ, ಕಡಿಮೆ ಶಾಖ, ಒಡೆಯುವ ಗಾಜಿಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬುಲಾ ಮತ್ತು ಸಂಗಡಿಗರು 1991ರಲ್ಲಿ ಕೆಂಪು ಎಲ್‌ಇಡಿ ಕೆಳಗೆ ಲೆಟ್ಯೂಸ್ ಬೆಳೆಸಿದರು. ನೀಲಿಗೆ ಟ್ಯೂಬ್‌ಲೈಟನ್ನೇ ಆಶ್ರಯಿಸಬೇಕಾಯಿತು, ಗಿಡಕ್ಕೆ ಸಾಲುವಷ್ಟು ಪ್ರಖರವಾದ ನೀಲಿ ಎಲ್‌ಇಡಿ ಆಗಿನ್ನೂ ಇರಲಿಲ್ಲ. 2015ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಗಗನಯಾತ್ರಿಗಳು ತಾವೇ ಎಲ್‌ಇಡಿ ಕೆಳಗೆ ಬೆಳೆದ ಕೆಂಪು ಲೆಟ್ಯೂಸ್ ತಿಂದರು.

ವಿಜ್ಞಾನಕ್ಕೆ ಎಲ್‌ಇಡಿ ಕೊಟ್ಟ ದೊಡ್ಡ ಉಡುಗೊರೆ ಅದರ ಶುದ್ಧ ಬಣ್ಣ. ಕೆಂಪು ಎಂದರೆ ಇಪ್ಪತ್ತು ಮೂವತ್ತು ನ್ಯಾನೋಮೀಟರಿನ ಕಿರಿದಾದ ಪಟ್ಟಿ. ಹಾಗಾಗಿ ಸಸಿಗೆ ಒಂದೊಂದೇ ಬಣ್ಣವನ್ನು ಉಣಿಸಿ ಕೇಳುವುದು ಸಾಧ್ಯವಾಯಿತು. ಬಂದ ಉತ್ತರಗಳು ಒಂದು ವಿಷಯದಲ್ಲಿ ಮಾತ್ರ ಒಮ್ಮತದಲ್ಲಿವೆ: ಬರಿ ಕೆಂಪು ಸಾಲದು. ಹೊನೆಕೆ, ಬುಲಾ ಮತ್ತು ಟಿಬಿಟ್ಸ್ 1992ರಲ್ಲಿ ಕಂಡದ್ದೂ ಅದನ್ನೇ. ಬರಿ ಕೆಂಪು ಎಲ್‌ಇಡಿ ಕೆಳಗೆ ಲೆಟ್ಯೂಸ್ ಸಸಿಯ ಬೀಜದಳದ ಕೆಳಗಿನ ಕಾಂಡ ಉದ್ದುದ್ದ ಎಳೆದುಕೊಂಡಿತು, ನಮ್ಮ ಘಟದ ಗೋಧಿಯ ದೂರದ ನೆಂಟನ ಹಾಗೆ. ಸೆಕೆಂಡಿಗೆ ಚದರ ಮೀಟರಿಗೆ 15 ಮೈಕ್ರೋಮೋಲಿನಷ್ಟು ನೀಲಿ ಸೇರಿಸಿದ್ದೇ ಕಾಂಡ ಗಿಡ್ಡವಾಗಿ ಗಟ್ಟಿಯಾಯಿತು. ನೆದರ್ಲೆಂಡ್ಸ್‌ನ ಹೊಗೆವೋನಿಂಗ್ ಮತ್ತು ಜೊತೆಗಾರರು 2010ರಲ್ಲಿ ಸೌತೆ ಎಲೆಗಳನ್ನು ಪರೀಕ್ಷಿಸಿದರು. ಬರಿ ಕೆಂಪಿನಲ್ಲಿ ಬೆಳೆದ ಎಲೆಯ ದ್ಯುತಿಸಂಶ್ಲೇಷಣೆ ಹದಗೆಟ್ಟಿತ್ತು. ನೂರಕ್ಕೆ ಏಳು ಪಾಲು ನೀಲಿ ಬೆರೆಸಿದರೆ ಆ ಕಾಯಿಲೆ ಮಾಯ. ನೀಲಿಯ ಪಾಲು ಐವತ್ತರವರೆಗೆ ಏರಿದಂತೆ ಎಲೆಯ ಸಾಮರ್ಥ್ಯವೂ ಏರಿತು.

ನೀಲಿಗೆ ಸಸಿಯಲ್ಲಿ ಮುಖ್ಯವಾಗಿ ಎರಡು ಬಗೆಯ ಗ್ರಾಹಕಗಳಿವೆ. ಕ್ರಿಪ್ಟೋಕ್ರೋಮ್ ಕಾಂಡದ ಓಟಕ್ಕೆ ಕಡಿವಾಣ ಹಾಕುತ್ತದೆ. ಫೋಟೋಟ್ರೋಪಿನ್ ಸಸಿಯನ್ನು ಬೆಳಕಿನ ಕಡೆಗೆ ಬಾಗಿಸುತ್ತದೆ, ಪತ್ರರಂಧ್ರಗಳನ್ನು ತೆರೆಸುತ್ತದೆ. ಹುಲ್ಲಿನ ಮೊಳಕೆ ಕಿಟಕಿಯತ್ತ ಬಾಗುವುದನ್ನು ಚಾರ್ಲ್ಸ್ ಡಾರ್ವಿನ್ ಮಗ ಫ್ರಾನ್ಸಿಸನ ಜೊತೆ ಸೇರಿ ಅಧ್ಯಯನ ಮಾಡಿ 1880ರಲ್ಲಿ ಪುಸ್ತಕವಾಗಿಸಿದ. ಬೆಳಕನ್ನು ಅರಿಯುವುದು ಮೊಳಕೆಯ ತುದಿ, ಬಾಗುವುದು ಅದರ ಕೆಳಗಿನ ಭಾಗ ಎಂದು ಆತ ಪುಟ್ಟ ಟೊಪ್ಪಿಗೆ ತೊಡಿಸಿ ಕಂಡುಕೊಂಡ. ಹೂದಾನಿಯಲ್ಲೋ ಕಿಟಕಿಯಲ್ಲೋ ವಾಲಿದ ಸಸಿಯನ್ನು ನೋಡಿದಾಗಲೆಲ್ಲ ನನಗೆ ಆ ಟೊಪ್ಪಿಗೆ ನೆನಪಾಗುತ್ತದೆ. ನೀಲಿ ಹೆಚ್ಚಾದರೂ ತೊಂದರೆಯಿದೆ: ಸಸಿ ಕುಳ್ಳಗಾಗಿ ಎಲೆ ಚಿಕ್ಕದಾಗುತ್ತದೆ, ಚಿಕ್ಕ ಎಲೆ ಕಡಿಮೆ ಬೆಳಕು ಹಿಡಿಯುತ್ತದೆ, ಒಟ್ಟು ತೂಕ ಇಳಿಯುತ್ತದೆ. ಕೆಂಪು ಲೆಟ್ಯೂಸಿನ ಬಣ್ಣ ಗಾಢವಾಗಬೇಕಿದ್ದರೆ ಬೆಳೆಗಾರರು ಅದನ್ನು ಬೇಕೆಂದೇ ಹೆಚ್ಚಿಸುತ್ತಾರೆ.

ಹಸಿರಿನ ಬಗ್ಗೆ ನಮ್ಮ ಪಠ್ಯಪುಸ್ತಕಗಳು ಅನ್ಯಾಯ ಮಾಡಿವೆ. ಎಲೆ ಹಸಿರಾಗಿ ಕಾಣುವುದರಿಂದ ಹಸಿರು ಬೆಳಕು ಅದಕ್ಕೆ ಬೇಡ ಎಂದು ಮಕ್ಕಳು ಕಲಿಯುತ್ತಾರೆ. ಎಲೆ ಹಸಿರನ್ನು ಉಳಿದ ಬಣ್ಣಗಳಿಗಿಂತ ಹೆಚ್ಚು ಹಿಂದಿರುಗಿಸುತ್ತದೆ, ನಿಜ, ಆದರೆ ಬಿದ್ದದ್ದರ ಬಹುಪಾಲನ್ನು ಹೀರಿಯೇ ಹೀರುತ್ತದೆ. ಟೆಕ್ಸಸ್‌ನ ಮೆಕ್‌ಕ್ರೀ 1972ರಲ್ಲಿ ಇಪ್ಪತ್ತೆರಡು ಬೆಳೆಗಳನ್ನು ಅಳೆದು, ಹಸಿರು ಬೆಳಕೂ ದ್ಯುತಿಸಂಶ್ಲೇಷಣೆಯನ್ನು ಚೆನ್ನಾಗಿಯೇ ನಡೆಸುತ್ತದೆ ಎಂದು ತೋರಿಸಿದ್ದ. ಜಪಾನಿನ ತೆರಾಶಿಮಾ 2009ರಲ್ಲಿ ಇನ್ನೊಂದು ಹೆಜ್ಜೆ ಹೋದರು: ಬೆಳಕು ತುಂಬ ಪ್ರಖರವಾಗಿದ್ದಾಗ ಎಲೆಯ ಮೇಲ್ಪದರ ಕೆಂಪು ನೀಲಿಗಳಿಂದ ತುಂಬಿ ತುಳುಕುತ್ತಿರುತ್ತದೆ, ಒಳಪದರಕ್ಕೆ ಇಳಿದು ಕೆಲಸ ಮಾಡುವುದು ಹಸಿರು. ಕತ್ತಲಕೋಣೆಯ ಪ್ರಯೋಗದಲ್ಲಿ ಮಂದ ಹಸಿರು ದೀಪ ಬೀಜಕ್ಕೆ ತಾಗುವುದಿಲ್ಲ ಎಂಬ ಹಳೆಯ ನಂಬಿಕೆಯೂ ಪೂರ್ತಿ ಸರಿಯಲ್ಲ. ಅತಿ ಸೂಕ್ಷ್ಮವಾದ ಬೀಜ ಆ ಹಸಿರನ್ನೂ ಗಮನಿಸುತ್ತದೆ.

ದೂರಕೆಂಪು ಸಸಿಗೆ ನೆರಳಿನ ಸುದ್ದಿ ತರುತ್ತದೆ. ಪಕ್ಕದ ಸಸಿ ಇನ್ನೂ ನೆರಳು ಕೊಡುವ ಮೊದಲೇ, ಅದರ ಎಲೆಯಿಂದ ಪುಟಿದ ದೂರಕೆಂಪನ್ನು ಹಿಡಿದು ಸಸಿ ಕತ್ತು ನೀಳ ಮಾಡುತ್ತದೆ. ಒತ್ತೊತ್ತಾಗಿ ಬೆಳೆದ ಸಸಿಮಡಿಯಲ್ಲಿ ನಡುವಿನ ಸಸಿಗಳು ಎತ್ತರ, ಅಂಚಿನವು ಗಿಡ್ಡ ಆಗಿರಲು ಇದು ದೊಡ್ಡ ಕಾರಣ. ಈಚಿನ ವರ್ಷಗಳಲ್ಲಿ ದೂರಕೆಂಪಿಗೆ ಇನ್ನೊಂದು ಗುಣ ಸೇರಿದೆ: ಯೂಟಾದ ಝೆನ್ ಮತ್ತು ಬಗ್ಬೀ 2020ರಲ್ಲಿ, ಬೇರೆ ಬಣ್ಣಗಳ ಜೊತೆ ಹದವಾಗಿ ಕೊಟ್ಟಾಗ ಅದೂ ದ್ಯುತಿಸಂಶ್ಲೇಷಣೆಗೆ ನೆರವಾಗುತ್ತದೆ ಎಂದು ಬಹು ಬೆಳೆಗಳಲ್ಲಿ ತೋರಿಸಿದರು.

ಇಷ್ಟೆಲ್ಲ ತಿಳಿದಿದ್ದರೂ ಪ್ರಕಟವಾಗುವ ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲವೇಕೆ? ಒಂದರಲ್ಲಿ ನೀಲಿ ಮೊಳಕೆಯನ್ನು ಹೆಚ್ಚಿಸಿದರೆ ಇನ್ನೊಂದರಲ್ಲಿ ತಗ್ಗಿಸುತ್ತದೆ. ಬೆಳೆಗಳ ಭೇದ ಸ್ವಲ್ಪ ಕಾರಣ. ಅಳತೆಯ ಭೇದ ಅದಕ್ಕಿಂತ ದೊಡ್ಡದು ಎಂದು ನನ್ನ ಅಭಿಪ್ರಾಯ. ಶಾಲಾ ವಿಜ್ಞಾನ ಮೇಳಗಳಲ್ಲಿ ಮಕ್ಕಳು ಹೆಸರುಕಾಳಿನ ಬಟ್ಟಲಿಗೆ ಕೆಂಪು, ನೀಲಿ, ಹಸಿರು ಜಿಲೆಟಿನ್ ಕಾಗದ ಸುತ್ತಿ ಕಿಟಕಿಯಲ್ಲಿ ಇಡುತ್ತಾರೆ. ಆ ಕಾಗದಗಳು ಕಣ್ಣಿಗೆ ಬೇರೆಬೇರೆ, ದೂರಕೆಂಪಿಗೆ ಮಾತ್ರ ಎಲ್ಲವೂ ತೆರೆದ ಬಾಗಿಲು. ನೀಲಿ ಕಾಗದದಡಿಯ ಬೀಜಕ್ಕೆ ನೀಲಿಯ ಜೊತೆ ದೂರಕೆಂಪೂ ಧಾರಾಳ ಸಿಗುತ್ತದೆ, ಅಲ್ಲಿ ಕಂಡ ಫಲ ಯಾವುದರದ್ದು ಎಂದು ಹೇಳಲಾಗದು. ಅದೂ ಅಲ್ಲದೆ ಹೆಸರುಕಾಳು ಕತ್ತಲಲ್ಲೇ ನೂರಕ್ಕೆ ನೂರು ಮೊಳೆಯುವ ಕಾಳು. ಮೊಳಕೆಗೆ ಬಣ್ಣದ ಪಾಠ ಹೇಳಲು ಅದಕ್ಕೆ ಬರುವುದಿಲ್ಲ.

ಇನ್ನೊಂದು ತಪ್ಪು ಲಕ್ಸ್ ಮಾಪಕದ್ದು. ಲಕ್ಸ್ ಎಂಬುದು ಮನುಷ್ಯನ ಕಣ್ಣಿನ ಅಳತೆ, 555 ನ್ಯಾನೋಮೀಟರಿನ ಹಸಿರಿಗೆ ಅತಿ ಹೆಚ್ಚು ತೂಕ ಕೊಡುತ್ತದೆ. ಹಸಿರು ಮತ್ತು 660ರ ಕೆಂಪು ದೀಪಗಳನ್ನು ಲಕ್ಸಿನಲ್ಲಿ ಸಮ ಮಾಡಿದರೆ ಕೆಂಪಿನ ಕೆಳಗಿನ ಸಸಿಗೆ ಹಲವು ಪಟ್ಟು ಹೆಚ್ಚು ಫೋಟಾನ್ ಬೀಳುತ್ತವೆ. ಆಮೇಲೆ 'ಕೆಂಪು ಗೆದ್ದಿತು' ಎಂದು ಬರೆಯುವುದು ಒಬ್ಬನಿಗೆ ಮೂರು ಮುದ್ದೆ, ಇನ್ನೊಬ್ಬನಿಗೆ ಅರ್ಧ ಮುದ್ದೆ ಬಡಿಸಿ ಕುಸ್ತಿಗೆ ಬಿಟ್ಟ ಹಾಗೆ. ಹೋಲಿಕೆಗೆ ಇಡುವ 'ಬಿಳಿ ಎಲ್‌ಇಡಿ' ಕೂಡ ಒಂದೇ ವಸ್ತುವಲ್ಲ. ನೀಲಿ ಚಿಪ್‌ನ ಮೇಲೆ ಹಳದಿ ಸೂಸುವ ಲೇಪ ಹಚ್ಚಿ ಅದನ್ನು ಮಾಡುತ್ತಾರೆ. ತಂಪು ಬಿಳಿಯಲ್ಲಿ ನೀಲಿ ಹೆಚ್ಚು, ಬೆಚ್ಚನೆಯ ಬಿಳಿಯಲ್ಲಿ ಕಡಿಮೆ. ಯಾವ ಬಿಳಿ ಎಂದು ಹೇಳದ ಪ್ರಯೋಗವನ್ನು ಮತ್ತೊಬ್ಬರು ಮಾಡಿ ನೋಡಲಾಗದು.

ನಮ್ಮ ನಾಡಿನ ಮಟ್ಟಿಗೆ ಈ ವಿದ್ಯೆಯ ಉಪಯೋಗವೇನು? ಹೊಲದ ಬೆಳೆಗಾರನಿಗೆ ಊಟದ ಬೆಳಕನ್ನು ದೀಪದಿಂದ ಕೊಡುವ ಅಗತ್ಯ ಇಲ್ಲ. ಬೇಸಿಗೆಯ ಸ್ವಚ್ಛ ದಿನದಲ್ಲಿ ನಮ್ಮ ಬಯಲಿಗೆ ಚದರ ಮೀಟರಿಗೆ ಸುಮಾರು 40 ಮೋಲ್ ಫೋಟಾನ್ ಬೀಳುತ್ತದೆ. ಎಲ್‌ಇಡಿ ಕಪಾಟಿನಲ್ಲಿ ಸೆಕೆಂಡಿಗೆ 200 ಮೈಕ್ರೋಮೋಲಿನಂತೆ ಹದಿನಾರು ಗಂಟೆ ದೀಪ ಉರಿಸಿದರೂ ಸೇರುವುದು ಹನ್ನೊಂದೂವರೆ ಮೋಲ್. ಆ ಹನ್ನೊಂದೂವರೆಗೆ ವಿದ್ಯುತ್ ಬಿಲ್ಲು ಕಟ್ಟಬೇಕು. ಅಂಗಾಂಶ ಕೃಷಿಯ ಬಾಟಲಿಗಳಿಗೆ, ನಗರದ ಒಳಕೋಣೆಯ ಮೈಕ್ರೋಗ್ರೀನ್‌ಗೆ, ಕಸಿಮಾಡಿದ ಸಸಿ ಗಾಯ ಮಾಯಿಸಿಕೊಳ್ಳುವ ಕೋಣೆಗೆ ಎಲ್‌ಇಡಿ ಹೊಂದುತ್ತದೆ. ಬಾಲ್ಕನಿಯ ನಾಲ್ಕು ಕುಂಡಕ್ಕೆ ನೇರಳೆ ಬಲ್ಬು ಕೊಳ್ಳುವವರಿಗೆ ನಾನು ಹೇಳುವುದು, ಕುಂಡವನ್ನು ಒಂದು ಮಾರು ಹೊರಗೆ ಸರಿಸಿ ನೋಡಿ ಎಂದು.

ಸುದ್ದಿಯ ಬೆಳಕಿನ ಮಾತು ಬೇರೆ. ಅದು ಅಗ್ಗ, ನಮ್ಮ ರೈತರು ಅದನ್ನು ಈಗಾಗಲೇ ಬಳಸುತ್ತಿದ್ದಾರೆ. ಚಿಕ್ಕಬಳ್ಳಾಪುರದ ಸುತ್ತ ರಾತ್ರಿ ಬಸ್ಸಿನಲ್ಲಿ ಹೋದರೆ ಸೇವಂತಿಗೆ ಹೊಲಗಳಲ್ಲಿ ಸಾಲುಸಾಲು ಬಲ್ಬು ಉರಿಯುವುದು ಕಾಣುತ್ತದೆ. ಸೇವಂತಿಗೆ ರಾತ್ರಿ ಉದ್ದವಾದರೆ ಹೂ ಕಟ್ಟುವ ಗಿಡ. ನಡುರಾತ್ರಿ ದೀಪ ಹಚ್ಚಿ ರಾತ್ರಿಯನ್ನು ತುಂಡರಿಸಿದರೆ ಗಿಡ ಹೂವನ್ನು ಮುಂದಕ್ಕೆ ಹಾಕಿ ಕಾಂಡ ಬೆಳೆಸುತ್ತದೆ, ರೈತನಿಗೆ ಬೇಕಾದ ಹಬ್ಬಕ್ಕೆ ಹೂ ಸಿಗುತ್ತದೆ. ಅಲ್ಲಿ ಕಾವಲು ಕೂತಿರುವುದು ಬೆಲ್ಟ್ಸ್‌ವಿಲ್‌ನ ಲೆಟ್ಯೂಸ್ ಬೀಜದಲ್ಲಿದ್ದ ಅದೇ ಫೈಟೋಕ್ರೋಮ್. ಹೊಲದ ಮಂದ ಬೆಳಕು ಗಿಡದ ಹೊಟ್ಟೆ ತುಂಬಿಸುವುದಿಲ್ಲ. ಅದರ ಗಡಿಯಾರವನ್ನು ತಿರುಗಿಸಿಡುತ್ತದೆ.

ಪ್ರೋಟ್ರೇ ನರ್ಸರಿಗಳಲ್ಲಿ ಬೀಜದ ಪ್ರಶ್ನೆ ಮತ್ತು ಸಸಿಯ ಪ್ರಶ್ನೆ ಮುಖಾಮುಖಿಯಾಗುತ್ತವೆ. ತೊಂಬತ್ತೆಂಟು ಗುಳಿಯ ತಟ್ಟೆಗೆ ತೆಂಗಿನ ನಾರಿನ ಪುಡಿ ತುಂಬಿ, ಟೊಮೆಟೊ ಅಥವಾ ಮೆಣಸಿನಕಾಯಿ ಬೀಜ ಹಾಕಿ, ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಒಳಗೆ ಬೆಚ್ಚಗಿದೆ, ತೇವವಿದೆ, ಕತ್ತಲಿದೆ. ಈ ಬೀಜಗಳಿಗೆ ಅಷ್ಟೇ ಬೇಕು. ಮೂರನೆಯ ದಿನದಿಂದ ನರ್ಸರಿಯ ಹೆಂಗಸರು ಬೆಳಿಗ್ಗೆ ಬಂದೊಡನೆ ಹಾಳೆಯ ಅಂಚೆತ್ತಿ ನೋಡುತ್ತಾರೆ. ಮೊಳಕೆಯ ಬಾಗಿದ ಕತ್ತು ಪುಡಿಯ ಮೇಲೆ ಕಾಣಿಸಿದ ತಕ್ಷಣ ತಟ್ಟೆಗಳನ್ನು ಬಿಡಿಸಿ ನೆರಳುಮನೆಯಲ್ಲಿ ಹರಡಬೇಕು. ಹರಡುವುದು ಒಂದು ದಿನ ತಡವಾದರೂ ಒಳಗಿನ ಸಸಿ ಬಿಳಿಚಿಕೊಂಡು ಉದ್ದವಾಗಿರುತ್ತದೆ, ಆಮೇಲೆ ಯಾವ ಬಣ್ಣದ ದೀಪ ಹಚ್ಚಿದರೂ ಎಳೆದುಕೊಂಡ ಆ ಕಾಂಡ ಮತ್ತೆ ಗಿಡ್ಡವಾಗುವುದಿಲ್ಲ.